ಚಕ್ರದೊಳಗಿನ ಗಾಳಿ

(ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನ ಲೇಖನ)

ಮೋಟಾರು ಕಾರೆಂದರೆ ನಮ್ಮ ಕಣ್ಣು ಮೊದಲು ಹೋಗುವುದು ಅದರ ಬಣ್ಣದ ಕಡೆಗೆ, ತರುವಾಯ ಎಂಜಿನ್ನಿನ ಕಡೆಗೆ. ಎಷ್ಟು ವೇಗವಾಗಿ ಓಡುತ್ತದೆ, ಎಷ್ಟು ಪೆಟ್ರೋಲು ಕುಡಿಯುತ್ತದೆ ಎಂದು ವಿಚಾರಿಸುವವರು ಬಹಳ ಮಂದಿ. ಅದರ ಚಕ್ರದಲ್ಲಿ ಎಷ್ಟು ಗಾಳಿಯಿದೆಯೆಂದು ಕೇಳುವವರು ವಿರಳ. ಆದರೆ ಎಂಜಿನ್ನಿನ ಬಲವಾಗಲಿ, ಬ್ರೇಕಿನ ಹಿಡಿತವಾಗಲಿ, ಸ್ಟಿಯರಿಂಗಿನ ತಿರುವಾಗಲಿ ನೆಲವನ್ನು ಮುಟ್ಟಬೇಕಾದರೆ ಟೈರಿನ ಮೂಲಕವೇ ಮುಟ್ಟಬೇಕು. ಆ ಟೈರು ಭಾರವನ್ನು ಹೊತ್ತು ನಿಲ್ಲುವುದಾದರೂ ಬಹುಮಟ್ಟಿಗೆ ತನ್ನ ರಬ್ಬರಿನಿಂದಲ್ಲ, ಒಳಗಿನ ಗಾಳಿಯಿಂದ. ಈ ಗಾಳಿಯನ್ನು ಎಷ್ಟು ತುಂಬಬೇಕು, ಯಾವಾಗ ಅಳೆಯಬೇಕು ಎಂಬುದನ್ನು, ಓಟದ ಪಥದಲ್ಲಿ ಕಾರು ಓಡಿಸುವ ಹವ್ಯಾಸಿಗಳ ಕ್ರಮವನ್ನು ಮುಂದಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಓದುವವನಿಗೆ ಟೈರಿನ ಉಸಾಬರಿ ಏಕೆಂದು ಗುರುಗಳು ಕೇಳಿಯಾರು. ಮಳವಳ್ಳಿಯಲ್ಲಿ ನನ್ನ ಸೋದರಮಾವನವರದು ಒಂದು ಪಂಚರ್ ಅಂಗಡಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ; ಹತ್ತಿಸಿದವರು ಕಬ್ಬು ಕಡಿಯುವ ನಮ್ಮ ಅಪ್ಪನೂ ಗಾಳಿ ಹಾಕುವ ನಮ್ಮ ಮಾವನೂ. ಭಾನುವಾರಗಳಲ್ಲಿಯೂ ರಜೆಯಲ್ಲಿಯೂ ಅಂಗಡಿಯಲ್ಲಿ ಕೈಗೂಡಿಸುವುದು ನನ್ನ ವಾಡಿಕೆ. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರ, ಸತ್ಯಮಂಗಲಗಳ ಮೇಲೆ ಕೊಯಮತ್ತೂರಿಗೆ ಹೋಗುವ 948ನೆಯ ರಾಷ್ಟ್ರೀಯ ಹೆದ್ದಾರಿ ನಮ್ಮೂರನ್ನು ಹಾದುಹೋಗುತ್ತದೆ. ಆದುದರಿಂದ ಕಬ್ಬಿನ ಟ್ರ್ಯಾಕ್ಟರಿನಿಂದ ಹಿಡಿದು ಓಟದ ಪಥಕ್ಕೆ ಹೊರಟ ಕಾರಿನವರೆಗೆ ಎಲ್ಲ ಬಗೆಯ ಟೈರುಗಳೂ ನಮ್ಮ ಅಂಗಡಿಯ ಮುಂದೆ ನಿಂತದ್ದುಂಟು.

ಓಟದ ಪಥವೆಂದರೇನೆಂಬುದನ್ನು ಮೊದಲು ಹೇಳಬೇಕು. ಕೊಯಮತ್ತೂರಿನ ಬಳಿ ಚೆಟ್ಟಿಪಾಳಯದಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಎಂಬ ಪಥವಿದೆ. ಓಟದ ಕಾರುಗಳನ್ನು ತಾವೇ ರೂಪಿಸಿ ಓಡಿಸುತ್ತಿದ್ದು, 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಕರಿವರ್ಧನ್ ಅವರ ಹೆಸರು ಅದಕ್ಕಿದೆ. ಚೆನ್ನೈ ಹೊರವಲಯದ ಇರುಂಗಾಟ್ಟುಕೋಟ್ಟೈಯಲ್ಲಿ ಮದರಾಸು ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ನಿರ್ಮಿಸಿದ, ಸುಮಾರು 3.7 ಕಿಲೋಮೀಟರ್ ಉದ್ದದ ಇನ್ನೊಂದು ಪಥ 1990ರಲ್ಲಿ ಆರಂಭವಾಯಿತು. ಅದಕ್ಕೆ ಮೊದಲು ಯುದ್ಧಕಾಲದ ಶೋಲಾವರಂ ವಿಮಾನದಾಣವೇ ಓಟದ ಅಂಗಳವಾಗಿತ್ತು. ಇಂತಹ ಪಥಗಳಲ್ಲಿ ಪಂದ್ಯವಿಲ್ಲದ ದಿನಗಳಲ್ಲಿ ಹವ್ಯಾಸಿಗಳು ಹಣ ಕಟ್ಟಿ, ಶಿರಸ್ತ್ರಾಣ ಧರಿಸಿ, ತಮ್ಮ ಸ್ವಂತ ಕಾರನ್ನು ಸುತ್ತು ಹೊಡೆಸುವುದುಂಟು. ಎದುರಿನಿಂದ ಬರುವ ವಾಹನವಿಲ್ಲ, ದಾಟುವ ದನವಿಲ್ಲ. ಇವರಲ್ಲಿ ಹೆಚ್ಚಿನವರು ಯಾವ ಕಾರಿನಲ್ಲಿ ಸುತ್ತು ಹೊಡೆಯುತ್ತಾರೋ ಅದೇ ಕಾರಿನಲ್ಲಿ, ಅದೇ ಟೈರುಗಳ ಮೇಲೆ ಮನೆಗೆ ಹಿಂದಿರುಗುತ್ತಾರೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವ ಅಪಾಯವೆಲ್ಲ ಇದರಿಂದಲೇ ಹುಟ್ಟುತ್ತದೆ.

ಗಾಳಿಯ ಟೈರಿಗೂ ಓಟದ ಪಂದ್ಯಕ್ಕೂ ಹಳೆಯ ನಂಟು. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಗಾಳಿಯ ಟೈರನ್ನು ಮಾಡಿ 1888ರಲ್ಲಿ ಹಕ್ಕುಪತ್ರ ಪಡೆದ. ಅದಕ್ಕೆ ನಾಲ್ಕು ದಶಕಗಳ ಹಿಂದೆಯೇ ರಾಬರ್ಟ್ ಥಾಮ್ಸನ್ ಎಂಬಾತನು ಇದೇ ಆಲೋಚನೆಗೆ ಹಕ್ಕು ಪಡೆದಿದ್ದನಾದರೂ ಅದು ಬಳಕೆಗೆ ಹರಡಲಿಲ್ಲ. 1895ರ ಪ್ಯಾರಿಸ್–ಬೋರ್ಡೋ–ಪ್ಯಾರಿಸ್ ಓಟದಲ್ಲಿ ಮಿಶೆಲಿನ್ ಸೋದರರು ಗಾಳಿಯ ಟೈರು ತೊಡಿಸಿದ ಕಾರನ್ನು ಓಡಿಸಿದರು. ದಾರಿಯುದ್ದಕ್ಕೂ ಪಂಚರುಗಳಾದುವು, ಗೆಲುವೂ ಸಿಕ್ಕಲಿಲ್ಲ. ಆದರೂ ಕಾರು ಗಾಳಿಯ ಮೇಲೆ ಓಡಬಲ್ಲುದೆಂಬುದು ಲೋಕಕ್ಕೆ ತಿಳಿಯಿತು.

ಗಾಳಿ ಮಾಡುವ ಕೆಲಸವೇನು? ನಮ್ಮ ಕಡೆ ಗಾಳಿಯ ಅಳತೆಗೆ ‘ಪಾಯಿಂಟು’ ಎನ್ನುತ್ತಾರೆ. ಒಂದು ಪಾಯಿಂಟೆಂದರೆ ಒಂದು ಚದರ ಅಂಗುಲದ ಮೇಲೆ ಒಂದು ಪೌಂಡಿನ ಒತ್ತಡ. ಜನರೂ ಸಾಮಾನೂ ಸೇರಿ 1200 ಕಿಲೋ ತೂಗುವ ಕಾರನ್ನು ತೆಗೆದುಕೊಳ್ಳೋಣ. ಒಂದು ಚಕ್ರದ ಪಾಲಿಗೆ 300 ಕಿಲೋ, ಎಂದರೆ ಸುಮಾರು 660 ಪೌಂಡು. ಟೈರಿನಲ್ಲಿ 32 ಪಾಯಿಂಟು ಗಾಳಿಯಿದ್ದರೆ, ಆ ಭಾರವನ್ನು ಹೊರಲು ಹೆಚ್ಚುಕಡಿಮೆ 20 ಚದರ ಅಂಗುಲ ನೆಲವನ್ನು ಅದು ಮುಟ್ಟಬೇಕಾಗುತ್ತದೆ. ಬೆರಳುಗಳನ್ನು ಕೂಡಿಸಿ ಅಂಗೈಯನ್ನು ನೆಲಕ್ಕೊತ್ತಿದರೆ ಆಗುವಷ್ಟೇ ಜಾಗ ಅದು. ಇಂತಹ ನಾಲ್ಕು ಅಂಗೈಗಳು ಇಡೀ ಕಾರನ್ನೂ ಅದರೊಳಗಿನ ಸಂಸಾರವನ್ನೂ ರಸ್ತೆಗೆ ಹಿಡಿದಿಟ್ಟಿವೆ. ಗಾಳಿ ಕಡಿಮೆಯಾದರೆ ಈ ಅಂಗೈ ಅಗಲವಾಗುತ್ತದೆ; ಹೆಚ್ಚಾದರೆ ಕಿರಿದಾಗುತ್ತದೆ. ಭಾರ ಏರಿದರೂ ಅಗಲವಾಗುತ್ತದೆ. ಬರಿದಾಗಿ ನಿಂತ ಟೈರುಗಾಡಿಗೆ ಕಬ್ಬು ಹೇರಿದ ಮೇಲೆ ಟೈರಿನ ಹೊಟ್ಟೆ ಹೇಗೆ ಉಬ್ಬುತ್ತದೆಂಬುದನ್ನು ಮಂಡ್ಯದ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಗಾಳಿ ಇಳಿಸಿದಷ್ಟೂ ಹಿಡಿತ ಹೆಚ್ಚೆಂದು ತೋರಬಹುದು. ಅದು ಒಂದು ಮಿತಿಯವರೆಗೆ ಮಾತ್ರ ನಿಜ. ಮಿತಿ ಮೀರಿ ಇಳಿಸಿದರೆ ಟೈರಿನ ನಡುಭಾಗ ಒಳಕ್ಕೆ ಸೊರಗಿ, ಭಾರವೆಲ್ಲ ಎರಡು ಅಂಚುಗಳ ಮೇಲೆ ಬೀಳುತ್ತದೆ. ತಿರುವಿನಲ್ಲಿ ಪಕ್ಕದ ಗೋಡೆ ಮಡಿಚಿಕೊಳ್ಳುತ್ತದೆ; ಮಿತಿಮೀರಿದಾಗ ಟೈರಿನ ಅಂಚು ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯವೂ ಉಂಟು. ಹೆಚ್ಚು ತುಂಬಿದರೋ ನಡುಭಾಗ ಮಾತ್ರ ನೆಲ ಮುಟ್ಟಿ, ಕಾರು ಗೋಲಿಯ ಮೇಲೆ ನಿಂತಂತೆ ಜಾರುತ್ತದೆ. ಇವೆರಡರ ನಡುವೆ ಇರುವ ಹದವನ್ನು ಹುಡುಕುವುದೇ ಗಾಳಿ ಹಿಡಿಸುವ ವಿದ್ಯೆ.

ಈ ಹದವನ್ನು ಕದಲಿಸುವ ವಸ್ತು ಶಾಖ. ಮುಚ್ಚಿದ ಪಾತ್ರೆಯ ಗಾಳಿ ಬಿಸಿಯಾದರೆ ಒತ್ತಡ ಏರುತ್ತದೆಂದು ನಾವೆಲ್ಲ ಹೈಸ್ಕೂಲಿನಲ್ಲಿ ಓದಿದ್ದೇವೆ. ಆ ನಿಯಮವನ್ನು ಟೈರಿಗೆ ಹಚ್ಚುವಾಗ ಎರಡು ಎಚ್ಚರಿಕೆ ಬೇಕು. ಮೊದಲನೆಯದಾಗಿ, ಗೇಜು ತೋರಿಸುವುದು ಹೊರಗಿನ ವಾಯುಭಾರಕ್ಕಿಂತ ಒಳಗೆ ಎಷ್ಟು ಹೆಚ್ಚಿದೆಯೆಂಬುದನ್ನು ಮಾತ್ರ; ಆದುದರಿಂದ ಹೊರಗಿನ ಭಾರವನ್ನೂ ಕೂಡಿಸಿಕೊಳ್ಳಬೇಕು. ಸಮುದ್ರಮಟ್ಟದಲ್ಲಿ ಅದು 14.7 ಪಾಯಿಂಟು, ನಮ್ಮ ಸೀಮೆಯ ಎತ್ತರದಲ್ಲಿ ಸುಮಾರು 13.6. ಎರಡನೆಯದಾಗಿ, ಉಷ್ಣತೆಯನ್ನು ಸೆಲ್ಸಿಯಸ್ಸಿನಲ್ಲಲ್ಲ, ಅದಕ್ಕೆ 273 ಕೂಡಿಸಿದ ಕೆಲ್ವಿನ್ ಮಾನದಲ್ಲಿ ಎಣಿಸಬೇಕು. ಬೆಳಗ್ಗೆ 27 ಡಿಗ್ರಿಯಲ್ಲಿ, ಎಂದರೆ 300 ಕೆಲ್ವಿನ್ನಿನಲ್ಲಿ, 32 ಪಾಯಿಂಟು ಹಾಕಿದೆವೆನ್ನಿ. ಹೊರಗಿನದೂ ಸೇರಿ 45.6 ಆಯಿತು. ಓಡಿ ಓಡಿ ಟೈರಿನ ಗಾಳಿ 77 ಡಿಗ್ರಿಗೆ, ಎಂದರೆ 350 ಕೆಲ್ವಿನ್ನಿಗೆ ಏರಿದರೆ, ಒತ್ತಡ 300ಕ್ಕೆ 350ರಂತೆ ಏರಿ ಸುಮಾರು 53.2 ಆಗುತ್ತದೆ. ಹೊರಗಿನದನ್ನು ಕಳೆದರೆ ಗೇಜಿನಲ್ಲಿ ಕಾಣುವುದು 39.6. ಒಂದು ತೊಟ್ಟು ಗಾಳಿ ಹಾಕದೆ 32 ಇದ್ದದ್ದು ಸುಮಾರು 40 ಆಯಿತು! ಸ್ಥೂಲವಾಗಿ ಪ್ರತಿ ಆರು ಡಿಗ್ರಿಗೆ ಒಂದು ಪಾಯಿಂಟು ಏರುತ್ತದೆಂದು ಇಟ್ಟುಕೊಂಡರೆ ಸಾಕು.

ಇಲ್ಲಿಯೇ ರಸ್ತೆಯ ಧರ್ಮ ಬೇರೆ, ಪಥದ ಧರ್ಮ ಬೇರೆ ಎಂಬುದು ಹೊರಡುತ್ತದೆ. ಕಾರಿನ ಚಾಲಕನ ಬಾಗಿಲನ್ನು ತೆರೆದರೆ ಕಾಣುವ ಚೀಟಿಯಲ್ಲಿ ತಯಾರಕರು ಎಷ್ಟು ಗಾಳಿಯೆಂದು ಬರೆದಿರುತ್ತಾರೆ. ಅದು ತಣ್ಣಗಿರುವ ಟೈರಿನ ಅಳತೆ. ಎಂದರೆ ಮೂರು ಗಂಟೆಯಾದರೂ ನಿಂತಿದ್ದ ಕಾರಿನ ಟೈರಿನದು. ಓಡುವಾಗ ಬಿಸಿಯಾಗಿ ಒತ್ತಡ ಏರುತ್ತದೆಂಬುದನ್ನು ಎಣಿಸಿಯೇ ಅವರು ಆ ಸಂಖ್ಯೆಯನ್ನು ಕೊಟ್ಟಿರುತ್ತಾರೆ. ಆದುದರಿಂದ ರಸ್ತೆಯಲ್ಲಿ ಹೋಗುವಾಗ ಬಿಸಿ ಟೈರು 37 ತೋರಿಸಿತೆಂದು ಗಾಬರಿಯಾಗಿ ಐದು ಪಾಯಿಂಟು ಬಿಡುವುದು ಸರಿಯಲ್ಲ. ರಾತ್ರಿ ಆರಿದ ಮೇಲೆ ಆ ಟೈರು 27ರ ಹತ್ತಿರ ಬಂದು ನಿಲ್ಲುತ್ತದೆ.

“ಬಿಸಿಲು ಕಾಲ ಕಣಣ್ಣ, ಟೈರು ಒಡೆದು ಹೋಯ್ತದೆ, ನಾಕು ಪಾಯಿಂಟು ಕಮ್ಮಿ ಹಾಕು” ಎಂದು ಹೇಳುವ ಗಿರಾಕಿಗಳು ಏಪ್ರಿಲ್ ಬಂತೆಂದರೆ ಹೆಚ್ಚುತ್ತಾರೆ. ಒಳ್ಳೆಯ ಉದ್ದೇಶದ ಈ ಮಾತು ನಿಜಕ್ಕೆ ತಿರುಗುಮುರುಗು. ಗಟ್ಟಿಯಾಗಿರುವ ಟೈರು ಏಳೆಂಟು ಪಾಯಿಂಟಿನ ಏರಿಕೆಯನ್ನು ಸಲೀಸಾಗಿ ತಡೆಯುವಂತೆ ಮಾಡಲ್ಪಟ್ಟಿರುತ್ತದೆ. ಅದನ್ನು ಕೊಲ್ಲುವುದು ಬಾಗುವಿಕೆ. ಒಂದು ತಂತಿಯನ್ನು ಹತ್ತಾರು ಸಲ ಅತ್ತಿತ್ತ ಬಗ್ಗಿಸಿ ನೋಡಿ; ಬಗ್ಗಿದ ಕಡೆ ಬಿಸಿಯಾಗಿ ಕೊನೆಗೆ ಮುರಿಯುತ್ತದೆ. ಗಾಳಿ ಕಡಿಮೆಯಿರುವ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲಿಯೂ ಹೀಗೆಯೇ ಬಗ್ಗುತ್ತದೆ. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಸಾಧಾರಣ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 15 ಸುತ್ತು ತಿರುಗುತ್ತದೆ; ನೂರು ಕಿಲೋಮೀಟರು ಮುಗಿಯುವಷ್ಟರಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಸಲ ಬಗ್ಗಿರುತ್ತದೆ. ಹೀಗೆ ಹುಟ್ಟಿದ ಶಾಖ ರಬ್ಬರಿಗೂ ಒಳಗಿನ ನೂಲಿಗೂ ಇರುವ ಬೆಸುಗೆಯನ್ನು ಬಿಡಿಸುತ್ತದೆ. ಬಿಸಿಲಿನಲ್ಲಿ ಟೈರು ಸಿಡಿಯುವುದುಂಟು. ಆದರೆ ಅಲ್ಲಿ ಸಾಮಾನ್ಯವಾಗಿ ತಪ್ಪು ಗಾಳಿ ಹೆಚ್ಚಿದ್ದುದರದಲ್ಲ, ಕಡಿಮೆಯಿದ್ದುದರದು.

ಇನ್ನು ಪಥದ ಕಡೆಗೆ ಬರೋಣ. ಅಲ್ಲಿ ಕಾರು ಪ್ರತಿ ತಿರುವಿಗೂ ಬಲವಾಗಿ ಬ್ರೇಕು ಹಾಕಿ, ಮೈವಾಲಿ ತಿರುಗಿ, ಮತ್ತೆ ಚಿಮ್ಮುತ್ತದೆ. ಚೀಟಿ ಬರೆದ ಎಂಜಿನಿಯರರು ಎಣಿಸಿದ್ದಕ್ಕಿಂತ ಹೆಚ್ಚಿನ ಶಾಖ ಅಲ್ಲಿ ಹುಟ್ಟುತ್ತದೆ. 32ಕ್ಕೆ ಹಾಕಿಕೊಂಡು ಹೊರಟವನ ಟೈರು ನಾಲ್ಕೈದು ಸುತ್ತಿನಲ್ಲಿ 40ಕ್ಕೆ ಏರಿ, ಹಿಡಿತ ಸಡಿಲವಾಗುತ್ತದೆ. ಆದುದರಿಂದ ಪಥದಲ್ಲಿ ಓಡಿಸುವವರು ಬಿಸಿಯಲ್ಲಿ ಎಷ್ಟಿರಬೇಕೆಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಒಂದು ಕಾರಿಗೆ ಬಿಸಿಯಲ್ಲಿ 36 ಹದವೆನ್ನಿ. ಕೊಯಮತ್ತೂರಿನ ಎತ್ತರದಲ್ಲಿ ಹೊರಗಿನ ವಾಯುಭಾರ ಸುಮಾರು 14. ಎರಡೂ ಸೇರಿ 50. ಇದನ್ನು 350ರಿಂದ 300ಕ್ಕೆ ಇಳಿಸಿದರೆ 42.9, ಹೊರಗಿನ 14ನ್ನು ಕಳೆದರೆ 28.9. ಎಂದರೆ ಬೆಳಗ್ಗೆ ತಣ್ಣಗಿರುವಾಗ ಸುಮಾರು 29ಕ್ಕೆ ಹಾಕಿಕೊಂಡು ಹೊರಡಬೇಕು. ಈ ಸಂಖ್ಯೆಗಳು ಉದಾಹರಣೆಗೆ ಮಾತ್ರ. ಕಾರು, ಟೈರು, ಹವೆ ಬದಲಾದಂತೆ ಇವೂ ಬದಲಾಗುತ್ತವೆ. ಎಲ್ಲ ಕಾರಿಗೂ ಸಲ್ಲುವ ಒಂದೇ ಸಂಖ್ಯೆಯಿಲ್ಲ. ಎಲ್ಲ ಕಾರಿಗೂ ಸಲ್ಲುವ ಒಂದು ಕ್ರಮವಿದೆ.

ಆ ಕ್ರಮ ಹೀಗಿದೆ. ತಣ್ಣಗಿರುವಾಗ ನಾಲ್ಕು ಟೈರನ್ನೂ ಒಂದೇ ಗೇಜಿನಿಂದ ಅಳೆದು ಬರೆದಿಡುವುದು; ಗೇಜು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಮೊದಲ ಸುತ್ತನ್ನು ನಿಧಾನವಾಗಿ ಓಡಿಸುವುದು. ಆಗ ಟೈರಿನಲ್ಲಿ ಗಾಳಿಯೂ ಕಡಿಮೆ, ಶಾಖವೂ ಕಡಿಮೆ. ನಾಲ್ಕೈದು ಸುತ್ತಿನ ಮೇಲೆ ಒಳಕ್ಕೆ ಬಂದು, ಆರುವುದಕ್ಕೆ ಮೊದಲೇ ಅಳೆಯುವುದು. ಗೊತ್ತುಮಾಡಿದ್ದಕ್ಕಿಂತ ಹೆಚ್ಚಾಗಿದ್ದರೆ ಅಷ್ಟನ್ನು ಬಿಡುವುದು. ರಸ್ತೆಯಲ್ಲಿ ಮಾಡಬಾರದೆಂದು ಹೇಳಿದ್ದನ್ನೇ ಇಲ್ಲಿ ಮಾಡಬೇಕಾಗುತ್ತದೆ. ಬಲಕ್ಕೆ ತಿರುವುಗಳು ಹೆಚ್ಚಿರುವ ಪಥದಲ್ಲಿ ಎಡಗಡೆಯ ಟೈರುಗಳ ಮೇಲೆ ಭಾರ ಬಿದ್ದು ಅವು ಹೆಚ್ಚು ಕಾಯುತ್ತವೆ. ಅವನ್ನು ಮೊದಲೇ ಒಂದೆರಡು ಪಾಯಿಂಟು ಕಡಿಮೆ ಹಾಕಿರುತ್ತಾರೆ.

ಹದ ಸಿಕ್ಕಿತೇ ಇಲ್ಲವೇ ಎಂಬುದನ್ನು ಟೈರೇ ಹೇಳುತ್ತದೆ. ಟೈರಿನ ಹೊರ ಅಂಚಿನ ಮೇಲಿಂದ ಪಕ್ಕದ ಗೋಡೆಯವರೆಗೆ ಸೀಮೆಸುಣ್ಣದಿಂದ ಗೆರೆ ಎಳೆದು ಓಡಿಸಿ ಬಂದರೆ, ಗೋಡೆಯ ಮೇಲಿನ ಸುಣ್ಣವೂ ಅಳಿಸಿದ್ದರೆ ಟೈರು ಮಡಿಚಿಕೊಳ್ಳುತ್ತಿದೆ, ಗಾಳಿ ಸಾಲದು. ಅಂಚಿನ ಸುಣ್ಣ ಹಾಗೆಯೇ ಉಳಿದಿದ್ದರೆ ಗಾಳಿ ಹೆಚ್ಚು. ಇನ್ನೂ ಸೂಕ್ಷ್ಮವಾಗಿ ನೋಡುವವರು ಸೂಜಿಯ ಉಷ್ಣಮಾಪಕವನ್ನು ರಬ್ಬರಿನಲ್ಲಿ ಮೂರು ಕಡೆ ಚುಚ್ಚಿ ನೋಡುತ್ತಾರೆ. ನಡುಭಾಗ ಹೆಚ್ಚು ಬಿಸಿಯಾಗಿದ್ದರೆ ಗಾಳಿ ಹೆಚ್ಚು. ಎರಡು ಅಂಚುಗಳು ಬಿಸಿಯಾಗಿದ್ದರೆ ಗಾಳಿ ಕಡಿಮೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಒಂದೆರಡು ಪಾಯಿಂಟು. ಮಾಡಿದ್ದನ್ನೆಲ್ಲ ಹೊತ್ತು, ಹವೆಗಳ ಸಹಿತ ಪುಸ್ತಕದಲ್ಲಿ ಬರೆಯುವುದು. ಇಷ್ಟು ಮಾಡಿದರೆ ಮುಂದಿನ ಸಲ ಊಹೆಗೆ ಬದಲು ಅನುಭವ ಕೈಹಿಡಿಯುತ್ತದೆ.

ಅಂಕಿಗಳಲ್ಲಿ ಪರಿಣತರಾದವರಿಗೂ ಈ ವಿಷಯ ಸುಲಭವಲ್ಲ. 2013ರ ಜೂನ್ 30ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ ನಡೆದ ಫಾರ್ಮುಲಾ ಒನ್ ಓಟದಲ್ಲಿ ಹಲವು ಕಾರುಗಳ ಟೈರುಗಳು ಓಡುತ್ತಿರುವಾಗಲೇ ಹರಿದುಹೋದುವು. ಟೈರು ಒದಗಿಸಿದ್ದ ಪಿರೆಲ್ಲಿ ಕಂಪೆನಿ ಕೊಟ್ಟ ಕಾರಣಗಳಲ್ಲಿ ಗಾಳಿಯನ್ನು ಕಡಿಮೆ ಇಟ್ಟದ್ದೂ ಒಂದು. 2015ರ ಸೆಪ್ಟೆಂಬರ್ 6ರಂದು ಇಟಲಿಯ ಮೋಂಜಾದಲ್ಲಿ ಮರ್ಸಿಡಿಸ್ ತಂಡದ ಎರಡು ಕಾರುಗಳ ಒಂದೊಂದು ಹಿಂದಿನ ಟೈರಿನಲ್ಲಿ ಗಾಳಿ ಕನಿಷ್ಠ ಮಿತಿಗಿಂತ 0.3 ಮತ್ತು 1.1 ಪಾಯಿಂಟು ಕಡಿಮೆಯಿದೆಯೆಂದು ತಕರಾರಾಯಿತು. ಟೈರನ್ನು ಬಿಸಿಯಾಗಿಡುವ ಹೊದಿಕೆಯ ವಿದ್ಯುತ್ತನ್ನು ಕಡಿದ ಮೇಲೆ ಅಳೆದುದರಿಂದ ಟೈರು ಆರಿತ್ತೆಂದು ವಿಚಾರಣೆಯಲ್ಲಿ ಕಂಡುಬಂದು, ತೀರ್ಪುಗಾರರು ಯಾವ ಕ್ರಮವನ್ನೂ ಕೈಕೊಳ್ಳಲಿಲ್ಲ. ಲೂಯಿಸ್ ಹ್ಯಾಮಿಲ್ಟನ್ನರ ಗೆಲುವು ಉಳಿಯಿತು. ಶಾಖವನ್ನು ಹೇಳದೆ ಬರಿಯ ಪಾಯಿಂಟನ್ನು ಹೇಳಿದರೆ ಅದು ಅರ್ಧ ಮಾತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈಗ ಮನೆಗೆ ಹಿಂದಿರುಗುವವನ ವಿಷಯ. ಕಳೆದ ಬೇಸಗೆಯ ಒಂದು ಭಾನುವಾರ ಕೊಯಮತ್ತೂರಿನ ಕಡೆಯಿಂದ ಬಂದ ಕಾರೊಂದು ಮೊಳೆ ಚುಚ್ಚಿಸಿಕೊಂಡು ನಮ್ಮ ಅಂಗಡಿಯ ಮುಂದೆ ನಿಂತಿತು. ಮೂವರು ಯುವಕರು, ಹಿಂದಿನ ದಿನ ಪಥದಲ್ಲಿ ಸುತ್ತು ಹೊಡೆದು, 27 ಕಡಿದಾದ ತಿರುವುಗಳ ದಿಂಬಂ ಘಟ್ಟವನ್ನು ಹತ್ತಿ, ಸಾಮಾನಿನೊಡನೆ ಬೆಂಗಳೂರಿಗೆ ಹೊರಟಿದ್ದರು. ಪಂಚರ್ ಹಾಕಿದ ಮೇಲೆ ಉಳಿದ ಮೂರು ಟೈರುಗಳನ್ನು ನಾನು ನೋಡಿದೆ: ಮೂರೂ 31. “ಚೀಟಿಯಲ್ಲಿ 32 ಇದೆ, ಒಂದು ಪಾಯಿಂಟು ತಾನೇ, ನಡೆಯುತ್ತದೆ” ಎಂದರು. ಮಾವ ಟೈರಿನ ಪಕ್ಕಕ್ಕೆ ಅಂಗೈ ಇಟ್ಟು ತಟ್ಟನೆ ತೆಗೆದರು. “ಸ್ವಾಮಿ, ಸುಡೋ ಟೈರು ಹೇಳೋ ಲೆಕ್ಕ ನಂಬಬ್ಯಾಡಿ. ಊಟ ಮಾಡ್ಕಂಡು ಬನ್ನಿ, ಆರ್ಲಿ, ಆಮೇಲೆ ನೋಡಾಣ” ಎಂದರು. ಅವರು ಊಟ ಮುಗಿಸಿ, ನೆರಳಿನಲ್ಲಿ ಕುಳಿತು, ಎರಡು ಗಂಟೆ ಕಳೆದ ಮೇಲೆ ಅದೇ ಗೇಜು ತೋರಿಸಿದ್ದು 26! ಪಥದಲ್ಲಿ ಬಿಸಿಯಿರುವಾಗ ಬಿಟ್ಟ ಗಾಳಿಯನ್ನು ಮತ್ತೆ ತುಂಬಿಸಿರಲಿಲ್ಲ. ಆರು ಪಾಯಿಂಟು ಹಾಕಿಸಿಕೊಂಡು ಅವರು ಹೊರಟರು. ಮಾವ ಏಳನೆಯ ತರಗತಿಗೆ ಓದು ಬಿಟ್ಟವರು. ಕೆಲ್ವಿನ್ ಎಂಬ ಹೆಸರನ್ನು ಕೇಳಿದವರಲ್ಲ. ಆ ರಾತ್ರಿ ನಾನು ಸೂತ್ರವನ್ನು ಹಚ್ಚಿ ನೋಡಿದೆ. 28 ಡಿಗ್ರಿಯಲ್ಲಿ 26 ಇರುವ ಟೈರು 31 ತೋರಿಸಬೇಕಾದರೆ ಅದು ಸುಮಾರು 66 ಡಿಗ್ರಿಗೆ ಕಾದಿರಬೇಕು. ಅಂಗೈಯನ್ನು ತಟ್ಟನೆ ತೆಗೆಯಿಸಲು ಅಷ್ಟು ಶಾಖ ಸಾಕು. ಅವರ ಕೈಯೂ ನನ್ನ ಪುಸ್ತಕವೂ ಒಂದೇ ಉತ್ತರಕ್ಕೆ ಬಂದಿದ್ದುವು.

ನಮ್ಮ ಜಿಲ್ಲೆಗೆ ಈ ವಿಷಯ ದೂರದ್ದಲ್ಲ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ 118 ಕಿಲೋಮೀಟರು ಉದ್ದದ್ದು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಕಾರುಗಳು ನಿಲ್ಲದೆ ಒಂದೇ ವೇಗದಲ್ಲಿ ಓಡುತ್ತವೆ. ಹಳೆಯ ರಸ್ತೆಯಲ್ಲಿ ಮದ್ದೂರಿನ ವಡೆಗೋ ಮಂಡ್ಯದ ಸಿಗ್ನಲ್ಲಿಗೋ ನಿಂತು ಟೈರು ಆರಿಕೊಳ್ಳುತ್ತಿತ್ತು. ಹೊಸ ರಸ್ತೆಯಲ್ಲಿ ಅದಕ್ಕೆ ಆ ಬಿಡುವಿಲ್ಲ. ಮದುವೆಗೆಂದು ಏಳು ಜನರನ್ನು ತುಂಬಿಕೊಂಡು, ‘ಬಿಸಿಲುಕಾಲ’ವೆಂದು ಗಾಳಿ ಇಳಿಸಿಕೊಂಡು ಹೊರಟ ಕಾರಿಗೆ ಆ ರಸ್ತೆಯೇ ಓಟದ ಪಥ, ವ್ಯತ್ಯಾಸವಿಷ್ಟೆ, ಒಳಗೆ ಕುಳಿತವರ ತಲೆಯ ಮೇಲೆ ಶಿರಸ್ತ್ರಾಣವಿಲ್ಲ, ಐದು ಸುತ್ತಿಗೊಮ್ಮೆ ಗೇಜು ಹಿಡಿದು ನೋಡುವವರಿಲ್ಲ.

ನೈಟ್ರೋಜನ್ ತುಂಬಿಸಿದರೆ ಈ ಚಿಂತೆಯೇ ಇಲ್ಲವೆಂದು ಕೆಲವರು ತಿಳಿದಿದ್ದಾರೆ. ನಾವು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಶಾಖಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಏರುತ್ತವೆ. ನೀರಿನ ತೇವವಿಲ್ಲದಿರುವುದು ಅದರ ಒಂದು ಗುಣ, ನಿಜ. ಆದರೆ ತಿಂಗಳುಗಟ್ಟಲೆ ಅಳೆಯದೆ ಬಿಡಲು ಅದು ರಹದಾರಿಯಲ್ಲ.

ಇಷ್ಟರಿಂದ ತಿಳಿಯುವ ಸಾರಾಂಶವಿದು. ರಸ್ತೆಗೆ ತಣ್ಣನೆಯ ಅಳತೆ, ಪಥಕ್ಕೆ ಬಿಸಿಯ ಅಳತೆ. ಪಥದಲ್ಲಿ ಬಿಟ್ಟದ್ದನ್ನು ರಸ್ತೆಗೆ ಇಳಿಯುವ ಮುನ್ನ ತುಂಬಬೇಕು. ಬೇಸಗೆಗೆಂದು ಗಾಳಿ ಇಳಿಸಬಾರದು. ಭಾರ ಹೆಚ್ಚಾದರೆ ಚೀಟಿಯಲ್ಲಿ ಅದಕ್ಕೆಂದು ಕೊಟ್ಟಿರುವ ಹೆಚ್ಚಿನ ಸಂಖ್ಯೆಗೆ ಏರಿಸಬೇಕು. ಸ್ಟೆಪ್ನಿಯನ್ನು ಮರೆಯಬಾರದು.

ನಮ್ಮ ಸಹಪಾಠಿಗಳಲ್ಲಿ ಅನೇಕರು ಮದ್ದೂರು, ಮಳವಳ್ಳಿಗಳ ಕಡೆಯಿಂದ ದಿನವೂ ಬೈಕಿನಲ್ಲಿ ಬರುತ್ತಾರೆ. ಎಷ್ಟೋ ಸಲ ಹಿಂದೆ ತಂಗಿಯೋ ಗೆಳೆಯನೋ ಕುಳಿತಿರುತ್ತಾರೆ. ಬಂಕಿಗೆ ಬರುವಷ್ಟರಲ್ಲಿ ಟೈರು ಕಾದಿರುತ್ತದೆ. ತಣ್ಣಗೆ ಅಳೆಯಬೇಕಾದರೆ ಬೈಕು ಗಂಟೆಗಟ್ಟಲೆ ನಿಂತಿರುವ ಕಡೆಯೇ ಅಳೆಯಬೇಕು. ಬೆಳಗಿನಿಂದ ಸಂಜೆಯವರೆಗೆ ನಮ್ಮ ಬೈಕುಗಳು ನಿಂತಿರುವುದು ಕಾಲೇಜಿನ ವಾಹನ ನಿಲ್ದಾಣದ ನೆರಳಿನಲ್ಲಿ. ಅಲ್ಲಿ ಒಂದು ಕಾಲುಪಂಪನ್ನೂ ಒಂದು ಒಳ್ಳೆಯ ಗೇಜನ್ನೂ ಇಡಿಸಿದರೆ ಖರ್ಚು ಬಹಳವಾಗದು. ವಿದ್ಯಾರ್ಥಿ ಸಂಘದವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಕೋರುತ್ತೇನೆ. ಅಳೆಯುವುದನ್ನು ಕಲಿಸಿಕೊಡಲು ಸೋಮವಾರ ಸಂಜೆ ಒಂದು ಗಂಟೆ ನಿಲ್ಲಲು ನಾನು ಸಿದ್ಧನಿದ್ದೇನೆ.